ಚೀಟಿಯಲ್ಲಿ 64, ಒಳಗೆ 72

ದಾವಣಗೆರೆ ಮಂಡಿಪೇಟೆ ಹತ್ತಿರ ನನ್ನದೊಂದು ಪುಟ್ಟ ರಿಪೇರಿ ಅಂಗಡಿ. ವಾಲ್ವ್ ಸೆಟ್ಟು, ಅಂದರೆ ಟ್ರಾನ್ಸಿಸ್ಟರ್ ಬದಲು ಗಾಜಿನ ಕೊಳವೆ ಇರುವ ಹಳೇ ಕಾಲದ್ದು, ಬರುವುದೇ ಈಗ ಅಪರೂಪ. ಹೋದ ಗಣಪತಿ ಹಬ್ಬದ ಮುಂಚೆ ಹಳೇ ಆರ್ಕೆಸ್ಟ್ರಾ ಗಿಟಾರಿಸ್ಟ್ ಒಬ್ಬರು ಫೆಂಡರ್ ಕಂಪನಿಯ ಚಾಂಪ್ ಎಂಬ ಪುಟ್ಟ ಗಿಟಾರ್ ಆಂಪ್ಲಿಫೈಯರ್ ಹೊತ್ತು ತಂದರು. ಜೊತೆಗೊಂದು ಭಾರದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್. ಇದು ಅಮೆರಿಕದ 117 ವೋಲ್ಟಿನ ಮಾಲು, ನಮ್ಮ 230ಕ್ಕೆ ನೇರ ಚುಚ್ಚಿದರೆ ಹೊಗೆಯೇ.

"ತಮ್ಮಾ, 64ರ ಮಾಡಲ್ ಇದು. ಮಾರಬೇಕು, ನೀನೂ ಒಂದ್ಸಲ ನೋಡಿಬಿಡು" ಅಂದರು.

ಅವರ ಆಧಾರ ಪೆಟ್ಟಿಗೆಯ ಒಳಗೆ ಅಂಟಿಸಿದ್ದ ವಾಲ್ವ್ ಚೀಟಿ. ಅದರಲ್ಲಿ ಎಎ764 ಎಂದಿತ್ತು. ಕೊನೆಯ 764 ಅಂದರೆ ಏಳನೇ ತಿಂಗಳು, 1964. ಓದಿದ್ದು ಸರಿಯೇ. ಆದರೆ ಅದು ಸರ್ಕ್ಯೂಟ್ ಹುಟ್ಟಿದ ದಿನ, ಆಂಪ್ಲಿಫೈಯರ್ ಹುಟ್ಟಿದ್ದಲ್ಲ. ಅದೇ ಸರ್ಕ್ಯೂಟನ್ನು ಫೆಂಡರ್‌ನವರು 70ರ ದಶಕದಲ್ಲೂ ಹಾಕುತ್ತಿದ್ದರು. ಇನ್ನೊಂದು ಅನುಮಾನ ಮುಂಭಾಗದಲ್ಲಿ ಗುಂಡಿಗಳಿರುವ ಲೋಹದ ಪಟ್ಟಿಯದು. 64ರದ್ದಾದರೆ ಅದು ಕಪ್ಪಗಿರಬೇಕು. ಇದು ಬೆಳ್ಳಿ ಬಣ್ಣ, ನೀಲಿ ಅಕ್ಷರ. ಅಂದರೆ 1968ರ ಆಸುಪಾಸು ಅಥವಾ ಆಮೇಲೆ. ಪಟ್ಟಿ ಬದಲಾಯಿಸಿರಲೂಬಹುದು ಅಲ್ವಾ? ಅದಕ್ಕೇ ಬಿಚ್ಚಿದೆ.

ಬಿಚ್ಚುವ ಮುಂಚೆ ಒಂದು ಮಾತು. ಪ್ಲಗ್ ಕಿತ್ತ ಮೇಲೂ ವಿದ್ಯುತ್ ಹಿಡಿದಿಡುವ ದೊಡ್ಡ ಕಂಡೆನ್ಸರ್‌ಗಳಲ್ಲಿ 300 ವೋಲ್ಟಿಗೂ ಜಾಸ್ತಿ ಉಳಿದಿರಬಹುದು. ರೆಸಿಸ್ಟರ್ ಹಚ್ಚಿ ಇಳಿಸಿ, ಮೀಟರಿನಲ್ಲಿ ನೋಡಿಯೇ ಕೈ ಹಾಕುವುದು. ಒಮ್ಮೆ ಹೊಡೆಸಿಕೊಂಡವನು ನಾನು.

ಒಳಗೆ ವಾಲ್ವ್‌ಗಳು ಇರಬೇಕಾದಂತೆಯೇ ಇದ್ದವು: 12ಎಎಕ್ಸ್7, 6ವಿ6, 5ವೈ3, ಹೀಗೆ ಮೂರೇ ವಾಲ್ವ್. ಸದ್ದನ್ನು ಅಲೆಯಂತೆ ಏರಿಳಿಸುವ ಟ್ರೆಮೊಲೊ ಇಲ್ಲ, ಹಾಗಾಗಿ ಅದಿರುವ ವೈಬ್ರೊ ಚಾಂಪ್ ಮಾಡಲ್ ಅಲ್ಲ. ನಾನು ಹುಡುಕಿದ್ದು ಕಂಟ್ರೋಲ್‌ಗಳ, ಅಂದರೆ ತಿರುಗಿಸುವ ಗುಂಡಿಗಳ ಹಿಂದಿನ ಭಾಗಗಳ, ಬೆನ್ನಿನ ನಂಬರು. ಟ್ರೆಬಲ್ ಮತ್ತು ಬಾಸ್ ಎರಡರ ಮೇಲೂ 1377215. ಮೊದಲ ಮೂರು ಅಂಕಿ ತಯಾರಕರದು, 137 ಅಂದರೆ ಸಿಟಿಎಸ್ ಕಂಪನಿ. ಆಮೇಲೆ ವರ್ಷ 72, ವಾರ 15. ವಾಲ್ಯೂಮ್ ಕಂಟ್ರೋಲ್ ಮಾತ್ರ ಆಮೇಲೆ ಬದಲಾಯಿಸಿದ ನಮ್ಮ ಕಡೆಯದು, ಸೋಲ್ಡರ್ ಹೊಳೆಯುತ್ತಿತ್ತು. ಜಾಸ್ತಿ ತಿರುಗಿಸುವುದು ಅದನ್ನೇ, ಮೊದಲು ಸವೆಯುವುದೂ ಅದೇ. ಉಳಿದೆರಡರ ಸೋಲ್ಡರ್ ಮಂಕಾಗಿತ್ತು, ಯಾರೂ ಮುಟ್ಟಿಲ್ಲ.

ಆಂಪ್ಲಿಫೈಯರ್‌ನದೇ ಟ್ರಾನ್ಸ್‌ಫಾರ್ಮರ್ ಮೇಲೆ 606218. 606 ಶೂಮಾಕರ್ ಕಂಪನಿಯದು, ವಾರ 18. ವರ್ಷಕ್ಕೆ ಇಲ್ಲಿ ಒಂದೇ ಅಂಕಿ, 2. 62ರದೋ 72ರದೋ ಇದೊಂದನ್ನೇ ನೋಡಿ ಹೇಳಲಾಗದು. ಬೆಳ್ಳಿ ಪಟ್ಟಿ ಮತ್ತು ಕಂಟ್ರೋಲ್ ಜೊತೆಗಿಟ್ಟಾಗಲೇ 72 ಎಂದು ಗಟ್ಟಿಯಾಯಿತು. ಹದಿನೆಂಟನೇ ವಾರ ಅಂದರೆ ಮೇ ತಿಂಗಳ ಶುರು. ಭಾಗಗಳು ಗೋದಾಮಿನಲ್ಲಿ ಸ್ವಲ್ಪ ದಿನ ಬಿದ್ದಿರುತ್ತವೆ. ಹಾಗಾಗಿ 1972ರ ಮೇ ಅಥವಾ ಅದರ ನಂತರ ಜೋಡಿಸಿದ್ದು, ಅದಕ್ಕಿಂತ ಮುಂಚೆ ಸಾಧ್ಯವಿಲ್ಲ.

ಸ್ಪೀಕರ್ ನೋಡಿ ಬೇಜಾರಾಯಿತು. ಮೂಲದ್ದಾಗಿದ್ದರೆ ಚೌಕಟ್ಟಿನ ಮೇಲೆ ಆಕ್ಸ್‌ಫರ್ಡ್ ಕಂಪನಿಯ 465, ಜೆನ್ಸೆನ್ ಕಂಪನಿಯ 220, ಹೀಗೆ ಏನಾದರೂ ಇರುತ್ತಿತ್ತು. ಇದರಲ್ಲಿ ನಂಬರೇ ಇಲ್ಲ, ಸಂತೆ ಮಾಲು.

"ಮಾಸ್ಟ್ರೇ, 64 ಅಲ್ಲ, 72" ಅಂದೆ. ಅವರು ಒಂದು ಟೀ ಮುಗಿಸುವವರೆಗೆ ಮಾತಾಡಲಿಲ್ಲ. ಕೊನೆಗೆ "ಹೋಗ್ಲಿ, ಒಂದು ಹಾಳೆ ಮೇಲೆ ಬರೆದುಕೊಡು. ಸ್ಪೀಕರ್ ವಿಷ್ಯ ಮಾತ್ರ ಬಿಟ್ಬಿಡು" ಅಂದರು.

ಸ್ಪೀಕರ್ ವಿಷಯವನ್ನೇ ಮೊದಲ ಸಾಲಿನಲ್ಲಿ ಬರೆದುಕೊಟ್ಟೆ.