ವಿಶೇಷ ಪಡೆಗೆ ಹೆಸರು ಕೊಡುವ ಮೊದಲು ನಿಮ್ಮ ಕಾರಣವನ್ನು ಪರೀಕ್ಷಿಸಿಕೊಳ್ಳುವ ಬಗೆ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಗಳಲ್ಲಿ ಪ್ಲಸ್ ಟು ಮುಗಿಸಿ ಮಿಲಿಟರಿಗೆ ಸೇರಲು ತಯಾರಿ ನಡೆಸುವ ಹುಡುಗರಲ್ಲಿ, ಏನಾಗಬೇಕೆಂದು ಕೇಳಿದರೆ, ‘ಪ್ಯಾರಾ ಕಮಾಂಡೊ’, ಅಂದರೆ ಭೂಸೇನೆಯ ವಿಶೇಷ ಪಡೆಯವ, ಎನ್ನುವವರಿಗೆ ಕೊರತೆಯಿಲ್ಲ. ಏಕೆ ಎಂದು ಕೇಳಿದಾಗ ಮಾತ್ರ ಉತ್ತರ ಅಷ್ಟು ಬೇಗ ಹೊರಡುವುದಿಲ್ಲ. ಓಟವನ್ನೂ ಪುಲ್-ಅಪ್ಪನ್ನೂ ಹೇಳಿಕೊಡುವವರು ಊರಿನ ಮೈದಾನದಲ್ಲಿಯೇ ಸಿಗುತ್ತಾರೆ. ಈ ಬರಹ ಇರುವುದು ‘ಏಕೆ’ ಎಂಬ ಆ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಿಕೊಳ್ಳುವುದು ಹೇಗೆಂದು ತಿಳಿಸುವುದಕ್ಕೆ.

ಮೊದಲು ದಾರಿಯನ್ನು ಸರಿಯಾಗಿ ತಿಳಿದುಕೊಳ್ಳಿ. ರ‍್ಯಾಲಿಯಲ್ಲಿ ಗೆದ್ದ ಮಾತ್ರಕ್ಕೆ ಯಾರೂ ಕಮಾಂಡೊ ಆಗುವುದಿಲ್ಲ. 2022ರಿಂದ ಜವಾನರ ಭರ್ತಿ ನಡೆಯುತ್ತಿರುವುದು ಅಗ್ನಿಪಥ ಯೋಜನೆಯಲ್ಲಿ. ಹದಿನೇಳೂವರೆ ವರ್ಷ ತುಂಬಿದವರು ಅರ್ಜಿ ಹಾಕಬಹುದು, ಸೇವೆ ನಾಲ್ಕು ವರ್ಷ, ಆ ಬಳಿಕ ಕಾಯಂ ಸೇವೆಗೆ ಉಳಿಸಿಕೊಳ್ಳುವುದು ಶೇಕಡಾ 25ರವರೆಗೆ ಮಾತ್ರ. ಮೊದಲು ಆನ್‌ಲೈನ್ ಪರೀಕ್ಷೆ, ಆಮೇಲೆ ಫಿಸಿಕಲ್. 1.6 ಕಿಲೋಮೀಟರನ್ನು 5 ನಿಮಿಷ 30 ಸೆಕೆಂಡಿನೊಳಗೆ ಓಡಿದರೆ ಪೂರ್ತಿ 60 ಅಂಕ, ಹತ್ತು ಪುಲ್-ಅಪ್ ತೆಗೆದರೆ 40. ಮಂಗಳೂರು ನಮಗೆ ಎಷ್ಟೇ ಹತ್ತಿರವಿದ್ದರೂ ಕಾಸರಗೋಡು ಜಿಲ್ಲೆಯವರ ಅರ್ಜಿ ಹೋಗುವುದು ಕೋಝಿಕ್ಕೋಡಿನ ಸೇನಾ ಭರ್ತಿ ಕಚೇರಿಗೆ. ಅರ್ಜಿಯಲ್ಲಿ ಮಂಗಳೂರಿನ ನೆಂಟರ ವಿಳಾಸ ತೋರಿಸಿ ಅಡ್ಡದಾರಿ ಹಿಡಿಯಬೇಡಿ. ಇಷ್ಟೆಲ್ಲ ದಾಟಿದ ಮೇಲೆ ಸ್ವಂತ ಇಚ್ಛೆಯಿಂದ ಹೆಸರು ಕೊಟ್ಟು, ಸುಮಾರು ಮೂರು ತಿಂಗಳ ಪರೀಕ್ಷಾ ಅವಧಿಯಾದ ಪ್ರೊಬೇಷನ್‌ನಲ್ಲಿ ನಿಂತು ತೋರಿಸಿದವರಿಗೆ ಮಾತ್ರ ಪ್ಯಾರಾ ವಿಶೇಷ ಪಡೆಯ ಬಾಗಿಲು ತೆರೆಯುತ್ತದೆ. ನೌಕಾಪಡೆಯ ಮಾರ್ಕೋಸ್‌ಗೂ ವಾಯುಪಡೆಯ ಗರುಡಕ್ಕೂ ಅವವುಗಳದೇ ಆಯ್ಕೆ ಇದೆ. ಭಯೋತ್ಪಾದಕರನ್ನು ಎದುರಿಸುವ ಕೇಂದ್ರ ಪಡೆಯಾದ ಎನ್‌ಎಸ್‌ಜಿಗೆ ಸೈನಿಕರು ಹೋಗುವುದು ನಿಯೋಜನೆಯ ಮೇಲೆ. ಅವಧಿ ಮುಗಿದರೆ ಮರಳಿ ತಮ್ಮ ಪಲ್ಟನ್ನಿಗೆ.

ಈಗ ಒಂದು ನೋಟ್‌ಪುಸ್ತಕ ತೆಗೆದುಕೊಂಡು, ನಿಮ್ಮ ಮನಸ್ಸಿನಲ್ಲಿರುವ ಕಾರಣಗಳನ್ನೆಲ್ಲ ಬರೆಯಿರಿ. ಹೇಳಿಕೊಳ್ಳಲು ನಾಚಿಕೆಯಾಗುವಂಥವನ್ನೂ ಬಿಡಬೇಡಿ. ಅಂಥವೇ ಹೆಚ್ಚು ನಿಜವಾಗಿರುತ್ತವೆ.

ಬಹಳ ಮಂದಿಯ ಪಟ್ಟಿಯಲ್ಲಿ ಮೊದಲು ಬರುವುದು ವಿಶೇಷ ಪಡೆಯವರ ಮೆರೂನ್ ಬಣ್ಣದ ಟೊಪ್ಪಿ ಮತ್ತು ಎದೆಯ ಮೇಲಿನ ‘ಬಲಿದಾನ’ ಬಿಲ್ಲೆ. ಗೌರವದ ಆಸೆ ಕೆಟ್ಟದ್ದಲ್ಲ, ಹೊರಡಿಸುವ ಶಕ್ತಿ ಅದಕ್ಕೂ ಇದೆ. ಅದನ್ನು ಹೀಗೆ ಪರೀಕ್ಷಿಸಿ: ಕುಂಬಳೆ ಜಾತ್ರೆಯ ಬೆಡಿಗೆ (ಸಿಡಿಮದ್ದಿನ ಉತ್ಸವಕ್ಕೆ) ರಜೆಯಲ್ಲಿ ಬಂದಿದ್ದೀರಿ, ಕಳೆದ ಆರು ತಿಂಗಳು ಎಲ್ಲಿದ್ದೆ, ಏನು ಮಾಡಿದೆ ಎಂದು ನೆಂಟರಿಷ್ಟರು ಸುತ್ತುಗಟ್ಟಿ ಕೇಳುತ್ತಿದ್ದಾರೆ, ನೀವು ಒಂದಕ್ಷರವನ್ನೂ ಹೇಳುವಂತಿಲ್ಲ, ಪಕ್ಕದ ಮನೆಯ ಗಲ್ಫ್ ಹುಡುಗನ ಕತೆಯನ್ನೇ ಎಲ್ಲರೂ ಕೇಳತೊಡಗುತ್ತಾರೆ. ಆ ಸಂಜೆಯನ್ನು ಕಲ್ಪಿಸಿಕೊಂಡಾಗಲೂ ಆಸೆ ಕುಗ್ಗದಿದ್ದರೆ ಆ ಸಾಲಿಗೆ ಒಂದು ಗುರುತು ಹಾಕಿ.

ಎರಡನೆಯದು ಹಣ. ಅಡಕೆಗೆ ರೋಗ ಬಂದು ಸಾಲವಾದ ಮನೆಯ ಮಗನಿಗೆ ಸಂಬಳದ ಲೆಕ್ಕ ಹಾಕಬೇಡವೆನ್ನುವ ಅಧಿಕಾರ ಯಾರಿಗೂ ಇಲ್ಲ. ವಿಶೇಷ ಪಡೆಗಳಿಗೆ ಪ್ರತ್ಯೇಕ ಭತ್ಯೆ ಇರುವುದೂ ನಿಜ. ಆದರೆ 2017ರ ಪರಿಷ್ಕರಣೆಯಲ್ಲಿ ಸಿಯಾಚಿನ್‌ನ ಸಾಮಾನ್ಯ ಜವಾನನ ಭತ್ಯೆಯೇ ತಿಂಗಳಿಗೆ 30,000 ರೂಪಾಯಿಗೆ ಏರಿತು. ಹಣವೊಂದಕ್ಕಾಗಿಯೇ ಆದರೆ ಪ್ರೊಬೇಷನ್‌ನಲ್ಲಿ ಮೊಣಕಾಲು ಸವೆಸುವ ಅಗತ್ಯವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನಾಲ್ಕು ವರ್ಷದ ಸೇವೆಯನ್ನು ನಂಬಿ ಹತ್ತು ವರ್ಷದ ಸಾಲ ತೆಗೆಯಬೇಡಿ.

ಹೊರಗಿನವರಿಗೆ ಕಾಣದೆಯೂ ಒಳಗಿನವರನ್ನು ಬಲವಾಗಿ ಎಳೆಯುವ ಕಾರಣ ಕೆಲಸದ ರುಚಿ. ದೊಡ್ಡ ಪಲ್ಟನ್ನಿನಲ್ಲಿ ಜವಾನನ ದಿನ ಬಹುಮಟ್ಟಿಗೆ ಇನ್ನೊಬ್ಬರ ಆಜ್ಞೆಯ ಮೇಲೆ ಉರುಳುತ್ತದೆ. ಕಾವಲು, ಪರೇಡು, ಸ್ವಚ್ಛತೆಯ ಕೆಲಸ ಇವುಗಳಲ್ಲಿ ತಿಂಗಳುಗಳು ಕಳೆಯುತ್ತವೆ. ವಿಶೇಷ ಪಡೆಯ ತಂಡ ಸಣ್ಣದು. ಒಬ್ಬ ಸ್ಫೋಟಕ ಬಲ್ಲವನು, ಒಬ್ಬ ರೇಡಿಯೊ ನೋಡಿಕೊಳ್ಳುವವನು, ಒಬ್ಬ ಗಾಯಕ್ಕೆ ಚಿಕಿತ್ಸೆ ಕೊಡಬಲ್ಲವನು. ಅವರಲ್ಲಿ ನಾಯಕ್ ಎಂಬ ಕೆಳದರ್ಜೆಯವನ ಮಾತಿಗೂ ಅಧಿಕಾರಿ ಕಿವಿಗೊಡಬೇಕಾಗುತ್ತದೆ. ಈ ಪಡೆ ಹುಟ್ಟಿದ್ದೇ ಸ್ವಇಚ್ಛೆಯವರಿಂದ: 1965ರ ಯುದ್ಧದಲ್ಲಿ ಮೇಜರ್ ಮೇಘ ಸಿಂಗ್ ಬೇರೆ ಬೇರೆ ಪಲ್ಟನ್ನುಗಳಿಂದ ತಾನಾಗಿ ಮುಂದೆ ಬಂದವರನ್ನು ಕೂಡಿಸಿ ಕಟ್ಟಿದ ಮೇಘದೂತ ಪಡೆಯೇ 1966ರಲ್ಲಿ 9 ಪ್ಯಾರಾ ಕಮಾಂಡೊ ಆಗಿ ರೂಪುಗೊಂಡಿತು. 1971ರ ಡಿಸೆಂಬರಿನಲ್ಲಿ ಜೈಪುರದ ಭವಾನಿ ಸಿಂಗ್ ಅವರ ನೇತೃತ್ವದಲ್ಲಿ 10 ಪ್ಯಾರಾ ಕಮಾಂಡೊದವರು ಮರುಭೂಮಿಯಲ್ಲಿ ಜೀಪು ಓಡಿಸಿಕೊಂಡು ಸಿಂಧ್ ಪ್ರಾಂತ್ಯದ ಒಳಗೆ ಛಾಛ್ರೊದವರೆಗೆ ನುಗ್ಗಿದ್ದರು. ಅಷ್ಟು ಒಳಗೆ ಹೋದ ಮೇಲೆ ಪ್ರತಿಯೊಂದಕ್ಕೂ ಮೇಲಿನವರನ್ನು ಕೇಳುತ್ತಾ ಕೂರುವಂತಿಲ್ಲ. ನಮ್ಮ ಕಡೆ ನೀರಿಗಾಗಿ ಗುಡ್ಡೆಯಲ್ಲಿ ಸುರಂಗ ತೋಡುವವರನ್ನು ನೋಡಿದ್ದರೆ ಇದು ಬೇಗ ಅರ್ಥವಾದೀತು: ಒಳಗೆ ಪಿಕ್ಕಾಸು ಹಿಡಿದವನು, ಹಿಂದಿನಿಂದ ಮಣ್ಣು ಹೊರುವವನು, ನಡುವೆ ಒಂದು ಮೇಣದ ಬತ್ತಿ. ಗಾಳಿ ಸಾಲದೆ ಬತ್ತಿ ಮಂಕಾದರೆ ಹೊರಗೆ ಬರಬೇಕೆಂದು ಹೇಳಲು ಅಲ್ಲಿ ಮೇಸ್ತ್ರಿ ಇರುವುದಿಲ್ಲ. ನಿಮ್ಮ ಕಾರಣ ಇದೇ ಎನಿಸಿದರೆ ಹೀಗೆ ಪರೀಕ್ಷಿಸಿ: ಈ ತನಕ ಯಾವುದಾದರೊಂದು ಕೆಲಸವನ್ನು, ಪಂಪು ರಿಪೇರಿಯಾಗಲಿ ಚೆಂಡೆಯಾಗಲಿ, ಯಾರ ಒತ್ತಾಯವೂ ಇಲ್ಲದೆ ಬೇಸರ ಬಂದ ಮೇಲೂ ಬಿಡದೆ ಕಲಿತದ್ದುಂಟೆ? ಇಲ್ಲವಾದರೆ ಇಂದೇ ಒಂದನ್ನು ಹಿಡಿಯಿರಿ.

ಜತೆಗಾರರಿಗಾಗಿ ಹೋಗುತ್ತೇನೆಂಬ ಕಾರಣ ಸ್ವಲ್ಪ ಮೋಸದ್ದು. ಕಷ್ಟಪಟ್ಟು ಪ್ರವೇಶ ಪಡೆದ ಗುಂಪನ್ನು ಜನ ಹೆಚ್ಚು ಮೆಚ್ಚುತ್ತಾರೆಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಏರನ್ಸನ್ ಮತ್ತು ಮಿಲ್ಸ್ 1959ರಲ್ಲಿ ಪ್ರಯೋಗದಿಂದ ತೋರಿಸಿದ್ದರು. ಪ್ರೊಬೇಷನ್ ದಾಟಿದವರ ನಡುವಿನ ಸಲಿಗೆಯನ್ನು ಕಂಡವರಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣದು. ಆದರೆ ಆ ಬಾಂಧವ್ಯ ಸಿಗುವುದು ಕೊನೆಗೆ. ಗೆಳೆಯ ಹೆಸರು ಕೊಟ್ಟನೆಂದು ಹೊರಟವನು, ಗೆಳೆಯ ಮೊದಲ ವಾರದಲ್ಲೇ ಹಿಂದಿರುಗಿದರೆ ಒಬ್ಬನೇ ಉಳಿಯಬಲ್ಲನೇ ಎಂದು ಮೊದಲೇ ಯೋಚಿಸಿರಬೇಕು.

ಅಪ್ಪನೊಂದಿಗಿನ ಜಗಳ, ಮುರಿದ ಪ್ರೀತಿ, ಫೇಲಾದ ಪರೀಕ್ಷೆ ಇವುಗಳಲ್ಲಿ ಯಾವುದಾದರೂ ಪಟ್ಟಿಯಲ್ಲಿದ್ದರೆ ಒಂದು ವರ್ಷ ಕಾಯಿರಿ. ಅಷ್ಟರಲ್ಲಿ ಅದು ತಾನಾಗಿ ಅಳಿಸಿಹೋಗದಿದ್ದರೆ ಮುಂದಿನ ಮಾತು.

ಇನ್ನು ಕಾಗದದ ಮೇಲಿನ ಕಾರಣವನ್ನು ಮೈಯಿಂದ ಪರೀಕ್ಷಿಸುವುದು. ಎರಡು ಮೂರು ತಿಂಗಳು ಹಂತಹಂತವಾಗಿ ಭಾರ ಹೊತ್ತು ನಡೆದು ಅಭ್ಯಾಸವಾದ ಮೇಲೆ, ಆಟಿ ತಿಂಗಳ ಮಳೆಯಲ್ಲಿ ಒಂದು ದಿನ ಬೆಳಕು ಹರಿಯುವ ಮೊದಲೇ ಎದ್ದು, ಹದಿನೈದು ಕಿಲೋ ಅಕ್ಕಿಯನ್ನು ಬೆನ್ನುಚೀಲಕ್ಕೆ ತುಂಬಿ, ಜತೆಗೊಬ್ಬರನ್ನು ಕರೆದುಕೊಂಡು ಇಪ್ಪತ್ತು ಕಿಲೋಮೀಟರು ನಡೆಯಿರಿ. ಹೆದ್ದಾರಿಯ ಅಂಚು ಬೇಡ, ಒಳದಾರಿ ಸಾಕು. ಮೂಳೆ ನೋವು ಕಂಡರೆ ನಿಲ್ಲಿಸಿ. ಹಠದಿಂದ ಆದ ಗಾಯ ಮೆಡಿಕಲ್‌ನಲ್ಲಿ ಅಡ್ಡ ಬರುತ್ತದೆ. ನೋವಿಲ್ಲದೆಯೂ ನಿಂತುಬಿಡೋಣ ಎನಿಸುವ ಒಂದು ಗಳಿಗೆ ಬಂದೇ ಬರುತ್ತದೆ, ಸಾಮಾನ್ಯವಾಗಿ ಬಟ್ಟೆ ಒದ್ದೆಯಾಗಿ ಮನೆಯ ಗಂಜಿ ನೆನಪಾದಾಗ. ಆಗ ಮನಸ್ಸಿಗೆ ಬಂದು ಕಾಲನ್ನು ಮುಂದೆ ಇಡಿಸಿದ ಯೋಚನೆ ಯಾವುದೋ ಅದನ್ನು ಮನೆಗೆ ಬಂದ ಕೂಡಲೇ ಬರೆದಿಡಿ. ತಿಂಗಳಿಗೊಮ್ಮೆ ಹೀಗೆ ಮಾಡಿ, ಆರು ತಿಂಗಳ ನಂತರ ಮೊದಲ ಪಟ್ಟಿಯೊಂದಿಗೆ ಹೋಲಿಸಿ ನೋಡಿ. ಮೆರೂನ್ ಟೊಪ್ಪಿ ಅಲ್ಲಿ ಒಮ್ಮೆಯೂ ಬಾರದಿರುವುದು ಸಾಧ್ಯ.

ಇದರೊಂದಿಗೆ ಹಿಂದಿಯನ್ನು ಕಲಿಯಿರಿ. ಕನ್ನಡ, ತುಳು, ಮಲೆಯಾಳ ಮೂರನ್ನೂ ಸರಾಗವಾಗಿ ಆಡುವ ನಮ್ಮ ಹುಡುಗರು ಬ್ಯಾರಕ್ಕಿನಲ್ಲಿ ಮೂಕರಾಗುವುದು ಅನಗತ್ಯ.

ಆಯ್ಕೆಗೆ ಹೋದವರಲ್ಲಿ ಹೆಚ್ಚಿನವರು ಮರಳುತ್ತಾರೆಂಬುದನ್ನು ಮನೆಯವರಿಗೆ ಮೊದಲೇ ಹೇಳಿಡಿ. ಇಲ್ಲದಿದ್ದರೆ ಮರಳಿದ ದಿನ ಊರಿಗೆ ಉತ್ತರ ಕೊಡುವ ಹೊರೆ ಅಮ್ಮನ ಮೇಲೆ ಬೀಳುತ್ತದೆ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನ ಹಿಮದಡಿಯಲ್ಲಿ ಆರು ದಿನ ಜೀವ ಹಿಡಿದಿದ್ದ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರು 19 ಮದ್ರಾಸ್ ಪಲ್ಟನ್ನಿನ ಲಾನ್ಸ್ ನಾಯಕ್, ಯಾವ ವಿಶೇಷ ಪಡೆಯವರೂ ಅಲ್ಲ. ಆದರೆ ಸೇವೆಯ ಬಹುಕಾಲವನ್ನು ಅವರು ಕಠಿಣ ಜಾಗಗಳಲ್ಲೇ ಕಳೆದಿದ್ದರು, ಕಾಶ್ಮೀರದಲ್ಲಿ ರಾಷ್ಟ್ರೀಯ ರೈಫಲ್ಸ್‌ಗೆ ತಾವಾಗಿಯೇ ಕೇಳಿಕೊಂಡು ಹೋಗಿದ್ದರು. ನಿಮ್ಮ ಪಟ್ಟಿಯಲ್ಲಿ ಉಳಿದ ಕಾರಣ ಅಂಥದ್ದಾದರೆ, ಪ್ರೊಬೇಷನ್‌ನಿಂದ ಮರಳಿದ ಮೇಲೂ ಅದಕ್ಕೆ ಸೈನ್ಯದಲ್ಲಿ ಜಾಗವಿದೆಯೆಂದು ಅಪ್ಪ ಅಮ್ಮನಿಗೆ ಬಿಡಿಸಿ ಹೇಳಬಹುದು. ಅರ್ಜಿ ಹಾಕುವ ಹಿಂದಿನ ರಾತ್ರಿ ಊಟವಾದ ಮೇಲೆ ಆ ಒಂದು ಸಾಲನ್ನು ಅವರ ಮುಂದೆ ಓದಿ. ಓದಲು ಬಾಯಿ ಬಾರದಿದ್ದರೆ, ವಯಸ್ಸಿನ ಮಿತಿಯನ್ನು ಅಧಿಸೂಚನೆಯಲ್ಲಿ ನೋಡಿಕೊಂಡು, ಈ ವರ್ಷದ ಭರ್ತಿಯನ್ನು ಬಿಟ್ಟುಬಿಡಿ.