ಹುಡುಕಿದ ಪದಕ್ಕೆ ಬಣ್ಣ ಹಚ್ಚಿ, ಒತ್ತಕ್ಷರ ಒಡೆಯಬೇಡಿ

ಗೆಳೆಯರೊಬ್ಬರು ತಮ್ಮ ಊರಿನ ಗ್ರಂಥಾಲಯಕ್ಕೆ ವೆಬ್‌ಸೈಟ್ ಮಾಡಿದರು. ಹುಡುಕುವ ಜಾಗದಲ್ಲಿ ‘ಕರ’ ಅಂತ ಟೈಪ್ ಮಾಡಿದೆ. ಸಿಕ್ಕ ತುಂಡಿಗೆ ಬಣ್ಣವೇನೋ ಬಂತು, ಆದರೆ ‘ಕರ್ನಾಟಕ’ ಎರಡು ತುಂಡಾಗಿ, ನಡುವೆ ಚುಕ್ಕಿಗಳ ಸೊನ್ನೆಯೊಂದು ಬಂದು ಕೂತಿತ್ತು. ಇಂಗ್ಲಿಷಿಗೆ ಬರೆದ ಕೋಡನ್ನು ಹಾಗೇ ಎತ್ತಿ ತಂದರೆ ಇನ್ನೇನಾಗುತ್ತೆ?

ಹಂತ 1: ವಿಧಾನ ಆರಿಸಿ. ಫಲಿತಾಂಶದಲ್ಲಿ ಎರಡು ಸಾಲು ತೋರಿಸಿದರೆ ಸಾಕು ಅಂದರೆ ಕೆಲಸವನ್ನು ಸರ್ವರ್‌ಗೇ ಬಿಡಿ. ಎಸ್‌ಕ್ಯುಲೈಟ್‌ನ ಎಫ್‌ಟಿಎಸ್5ರಲ್ಲಿ (ಆ ಡೇಟಾಬೇಸಿನ ಪಠ್ಯ ಹುಡುಕುವ ಭಾಗ) ಸ್ನಿಪೆಟ್ ಅನ್ನುವ ಫಂಕ್ಷನ್ ಇದೆ. ಅದು ಇಡೀ ಪದಕ್ಕೆ ಗುರುತು ಹಾಕುತ್ತದೆ. ನನಗಂತೂ ಅದೇ ಇಷ್ಟ. ಆದರೆ ಒಂದು ಕೊಕ್ಕೆ ಇದೆ. ಅದರ ಮಾಮೂಲಿ ಟೋಕನೈಸರ್, ಅಂದರೆ ಪಠ್ಯವನ್ನು ಪದಗಳಾಗಿ ಒಡೆಯುವ ಭಾಗ, ನಮ್ಮ ಸ್ವರಚಿಹ್ನೆಗಳನ್ನೂ ‘್’ ಅನ್ನೂ ಪದದ ಭಾಗ ಅಂತ ಎಣಿಸುವುದಿಲ್ಲ. ‘ಪುಸ್ತಕ’ ಹೋಗಿ ಪ, ಸ, ತಕ ಅಂತ ಮೂರು ಪದ ಆಗುತ್ತದೆ! ಕ್ಯಾಟಗರೀಸ್ ಆಯ್ಕೆಯಲ್ಲಿ ಎಂಎನ್, ಎಂಸಿ (ಇಂಥ ಚಿಹ್ನೆಗಳ ಯೂನಿಕೋಡ್ ವರ್ಗಗಳು) ಎರಡನ್ನೂ ಸೇರಿಸಿ.

ಇಡೀ ಪುಟದಲ್ಲಿ ಬಣ್ಣ ಬೇಕಿದ್ದರೆ ಸಿಎಸ್‌ಎಸ್ ಕಸ್ಟಮ್ ಹೈಲೈಟ್ ಬಳಸಿ. ಇದು ಬ್ರೌಸರಿನದೇ ಸೌಲಭ್ಯ, ಪುಟದೊಳಗೆ ಹೊಸ ಟ್ಯಾಗ್ ತೂರಿಸುವುದಿಲ್ಲ. ಕ್ರೋಮ್‌ನಲ್ಲಿ 2022ರಿಂದ ಇದೆ, ಫೈರ್‌ಫಾಕ್ಸ್‌ಗೆ ಬಂದಿದ್ದು 2025ರಲ್ಲಿ. ಹಳೆಯ ಬ್ರೌಸರ್‌ಗಳಿಗೆ ಪದದ ಸುತ್ತ ಹಾಕುವ ಮಾರ್ಕ್ ಟ್ಯಾಗೇ ಗತಿ. ಇಡೀ ಪುಟದ ಎಚ್‌ಟಿಎಂಎಲ್ ಮೇಲೆ ರಿಪ್ಲೇಸ್ ಓಡಿಸುವ ಅಡ್ಡದಾರಿ ಮಾತ್ರ ಬೇಡ. ಲಿಂಕ್‌ಗಳ ವಿಳಾಸದ ಒಳಗೂ ಟ್ಯಾಗ್ ಹೋಗಿ ಕೂರುತ್ತದೆ.

ಹಂತ 2: ಪಠ್ಯವನ್ನು ಮೊದಲು ಎಸ್ಕೇಪ್ ಮಾಡಿ (‘<’, ‘&’ ಥರದ ಚಿಹ್ನೆಗಳನ್ನು ಬ್ರೌಸರ್ ಕೋಡ್ ಅಂತ ಓದದ ಹಾಗೆ ಬದಲಿಸಿ), ಟ್ಯಾಗ್ ಆಮೇಲೆ.

ಹಂತ 3: ‘ಕೊ’ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಪಠ್ಯ, ಹುಡುಕುವ ಪದ ಎರಡನ್ನೂ ಯೂನಿಕೋಡಿನ ಒಂದೇ ರೂಪಕ್ಕೆ, ಅಂದರೆ ಎನ್‌ಎಫ್‌ಸಿಗೆ ತನ್ನಿ.

ಹಂತ 4: ಎಲ್ಲರೂ ಎಡವುವುದು ಇಲ್ಲೇ. ಪದದ ತುಂಡಿಗೆ ಮಾತ್ರ ಬಣ್ಣ ಹಚ್ಚುತ್ತೀರಿ ಅಂದರೆ, ಗಡಿಯನ್ನು ಅಕ್ಷರದ ಅಂಚಿಗೆ ಎಳೆಯಬೇಕು. ‘ರ್ನಾ’ ನಮಗೆ ಒಂದಕ್ಷರ. ಕಂಪ್ಯೂಟರಿಗೆ ರ, ್, ನ, ಾ ಅಂತ ನಾಲ್ಕು. ‘ಕರ’ ಹುಡುಕಿದಾಗ ಅದು ‘ರ’ ಆದ ತಕ್ಷಣ ಕತ್ತರಿ ಹಾಕುತ್ತದೆ. ಅರ್ಕಾವತ್ತು ಅನಾಥ.

ಹಾಗಾಗಿ ಹೊಂದಿಕೆ ಮುಗಿದ ಕಡೆ ನಿಂತು ಮುಂದಿನ ಸಂಕೇತ ನೋಡಿ. ಸ್ವರಚಿಹ್ನೆ, ಅನುಸ್ವಾರ, ವಿಸರ್ಗ ಇದ್ದರೆ ಒಳಗೆ ಸೇರಿಸಿ. ‘್’ ಇದ್ದರೆ ಅದನ್ನೂ ಅದರ ಮುಂದಿನ ವ್ಯಂಜನವನ್ನೂ ಸೇರಿಸಿ, ಮತ್ತೆ ಮುಂದೆ ನೋಡಿ. ಇವು ಯಾವುದೂ ಇಲ್ಲದ ಕಡೆ ನಿಲ್ಲಿ. ‘ಸಾಫ್ಟ್‌ವೇರ್’ ಪದದ ಹಾಗೆ ‘್’ ಆದಮೇಲೆ ಕಣ್ಣಿಗೆ ಕಾಣದ ಬಿಡಿಸುವ ಸಂಕೇತ ಇದ್ದರೆ ಅಲ್ಲಿಗೇ ಅಕ್ಷರ ಮುಗಿಯಿತು. ಶುರುವಿನಲ್ಲೂ ಇದೇ ಲೆಕ್ಕ, ಹಿಂದಕ್ಕೆ. ‘ತಕ’ ಅಂತ ಹುಡುಕಿದಾಗ ‘ಪುಸ್ತಕ’ ಸಿಕ್ಕರೆ ‘ಸ್ತಕ’ಕ್ಕೆ ಬಣ್ಣ ಬರಬೇಕು. ಚೂರು ಜಾಸ್ತಿ ಬಣ್ಣ ಬಂತು ಅಂತ ಯಾರೂ ಜಗಳಕ್ಕೆ ಬರುವುದಿಲ್ಲ.

ಅಂದಹಾಗೆ, ‘ಕಾಡು’ ಹುಡುಕಿದವರಿಗೆ ‘ಕಾಡಿನ’ ಕೂಡ ಸಿಗಬೇಕು ಅಲ್ವಾ? ಕೊನೆಯ ಉಕಾರ ತೆಗೆದು ‘ಕಾಡ’ ಅಂತ ಶುರುವಾಗುವ ಪದಗಳನ್ನೆಲ್ಲ ಹುಡುಕಿಸಿ. ಕಣ್ಣಿಗೆ ಹಚ್ಚುವ ಕಾಡಿಗೆಯೂ ಜೊತೆಗೆ ಬರುತ್ತದೆ, ಬರಲಿ ಬಿಡಿ.

ಹಂತ 5: ಬಣ್ಣ. ತಿಳಿ ಹಳದಿ ಹಿನ್ನೆಲೆ, ಕಪ್ಪು ಅಕ್ಷರ. ಬೋಲ್ಡ್ ಬೇಡವೇ ಬೇಡ, ಸಣ್ಣ ಗಾತ್ರದಲ್ಲಿ ಒತ್ತಕ್ಷರ ಮಸಿ ಚೆಲ್ಲಿದ ಹಾಗೆ ಕಾಣುತ್ತದೆ. ಮಾರ್ಕ್‌ಗೆ ಪ್ಯಾಡಿಂಗ್ (ಸುತ್ತ ಖಾಲಿ ಜಾಗ) ಕೊಟ್ಟರೆ ಪದದ ನಡುವೆ ಬಿರುಕು. ಎಲ್ಲ ಆದಮೇಲೆ ‘ಕರ’, ‘ತಕ’, ‘ಸಾಫ್ಟ್’ ಮೂರನ್ನೂ ಒಂದು ಹಳೇ ಫೋನಿನಲ್ಲಿ ಹುಡುಕಿ ನೋಡಿ.