ಮಳೆಗಾಲದ ಪಿ.ಟಿ. ಪಿರಿಯಡ್ಡಿಗೆ ಮೊಬೈಲಿನಲ್ಲಿ ಹುಡುಕಾಟ

ಸಕಲೇಶಪುರದ ಕಡೆ ಜೂನ್ ಹಿಡಿಯಿತೆಂದರೆ ಮೈದಾನ ಕಪ್ಪೆಗಳ ಪಾಲು. ಐವತ್ತೆರಡು ಮಕ್ಕಳು, ಒಂದು ಹಾಲ್, ಗಾಳಿ ನಿಲ್ಲದ ಎರಡು ವಾಲಿಬಾಲ್. ಗಣಿತದ ಮೇಷ್ಟರು ನನ್ನ ಪಿರಿಯಡ್ ಕೇಳುವ ಮೊದಲೇ ಏನಾದರೂ ಹೊಂದಿಸಬೇಕೆಂದು ಯೂಟ್ಯೂಬ್, ಫೇಸ್‌ಬುಕ್ ಹಿಡಿದೆ.

ಆಟದ ಹೆಸರು ಹಾಕಿ ಹುಡುಕಬೇಡಿ. ಖೋ-ಖೋ ಎಂದರೆ ಬರೀ ಫೈನಲ್ ಪಂದ್ಯಗಳು ಬರುತ್ತವೆ. ನಿಮ್ಮ ತೊಂದರೆಯನ್ನೇ ಬರೆಯಿರಿ: ದೊಡ್ಡ ತರಗತಿ, ಸಲಕರಣೆ ಇಲ್ಲ, ಒಳಾಂಗಣ. ಇಂಗ್ಲಿಷಿನಲ್ಲೂ ಒಮ್ಮೆ ಹಾಕಿ. ‘ಟಿಜಿಎಫ್‌ಯು’ (ಟೀಚಿಂಗ್ ಗೇಮ್ಸ್ ಫಾರ್ ಅಂಡರ್‌ಸ್ಟ್ಯಾಂಡಿಂಗ್, ಅಂದರೆ ಅರ್ಥ ಮಾಡಿಕೊಂಡು ಆಡುವಂತೆ ಆಟ ಕಲಿಸುವುದು) ಎಂದೂ ಹುಡುಕಿ. 1982ರಲ್ಲಿ ಇಂಗ್ಲೆಂಡಿನ ಬಂಕರ್ ಮತ್ತು ಥೋರ್ಪ್ ಮುಂದಿಟ್ಟ ಕ್ರಮವದು. ಮೊದಲು ಆಟವನ್ನು ಚಿಕ್ಕದು ಮಾಡಿ ಆಡಿಸುವುದು, ಮಕ್ಕಳು ಎಲ್ಲಿ ತಡವರಿಸುತ್ತಾರೋ ಅಲ್ಲಿ ಕೌಶಲ ಕಲಿಸುವುದು.

ವಿಡಿಯೊವನ್ನು ಮೊದಲು ಶಬ್ದವಿಲ್ಲದೆ ನೋಡಿ. ಸಂಗೀತ ಹಾಕಿದರೆ ಎಲ್ಲ ಪಾಠವೂ ಚೆನ್ನಾಗಿಯೇ ಕಾಣುತ್ತದೆ. ಸಾಲಿನಲ್ಲಿ ಸುಮ್ಮನೆ ನಿಂತ ಮಕ್ಕಳನ್ನು ಎಣಿಸಿ. ಒಬ್ಬ ಜಿಗಿಯಲು ಇಪ್ಪತ್ತು ಮಂದಿ ಕಾಯುತ್ತಿದ್ದರೆ ಮುಂದಿನದಕ್ಕೆ ಹೋಗಿ. ಆಮೇಲೆ ನೆಲ ನೋಡಿ. ಇದನ್ನು ನಾನು ಕಲಿತದ್ದು ಮಕ್ಕಳ ಮೊಣಕಾಲಿನ ಖರ್ಚಿನಲ್ಲಿ. ಯಾರೋ ಹಾಕಿದ್ದ ಕಪ್ಪೆ ಜಿಗಿತವನ್ನು ಸಿಮೆಂಟಿನ ಮೇಲೆ ಮಾಡಿಸಿದೆ, ಮರುದಿನ ನಾಲ್ವರು ಕುಂಟುತ್ತಾ ಬಂದರು. ವಿಡಿಯೊದವರದು ರಬ್ಬರ್ ನೆಲವಾಗಿತ್ತು.

ಶಿಕ್ಷಕರ ಗುಂಪುಗಳಲ್ಲಿ ‘ಮಳೆಗಾಲಕ್ಕೆ ಏನಾದರೂ ಹೇಳಿ’ ಎಂದು ಕೇಳಿದರೆ ಕೈ ಮುಗಿಯುವ ಚಿತ್ರಗಳಷ್ಟೇ ಬರುತ್ತವೆ. ಮಕ್ಕಳೆಷ್ಟು, ಜಾಗವೆಷ್ಟು, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀರಿ ಎಂದು ಬರೆಯಿರಿ. ಮಕ್ಕಳ ಮುಖ ಮಾತ್ರ ಹಾಕಬೇಡಿ. ಸೀಮೆಸುಣ್ಣದ ಗೆರೆಗಳ ಫೋಟೊ ಸಾಕು. ಹಾಗೆ ಬರೆದಾಗ ಅರಸೀಕೆರೆ ಕಡೆಯ ಮೇಷ್ಟರೊಬ್ಬರು (ನಮ್ಮಷ್ಟು ಮಳೆ ಕಾಣದವರು!) ಉತ್ತರಿಸಿದರು: ‘ಖೋ-ಖೋವನ್ನು ನಡೆದೇ ಆಡಿಸಿ.’

ಆಡಿಸಿದೆ, ಮೊದಲು ಎಂಟನೇ ತರಗತಿಗೆ ಮಾತ್ರ. ಎಂಟರ ಬದಲು ನಾಲ್ವರನ್ನು ಒಬ್ಬರು ಆ ಕಡೆ, ಮುಂದಿನವರು ಈ ಕಡೆ ಮುಖ ಮಾಡುವಂತೆ ಸಾಲಾಗಿ ಕೂರಿಸಿದೆ. ಓಡಿದವರು ಔಟ್. ಎರಡು ಸುತ್ತಾದ ಮೇಲೆ ಕೇಳಿದೆ, ‘ಯಾರಿಗೆ ಖೋ ಕೊಟ್ಟರೆ ತಪ್ಪಿಸಿಕೊಳ್ಳುವವನು ಸಿಗುತ್ತಾನೆ?’ ಸದಾ ಹಿಂದೆ ನಿಲ್ಲುವ ಹುಡುಗಿಯೊಬ್ಬಳು ಹೇಳಿದಳು, ‘ಅವನು ದಾಟಿ ಹೋದ ಕಡೆಗೆ ಮುಖ ಮಾಡಿ ಕೂತವರಿಗೆ, ಸಾರ್.’ ನಡಿಗೆಯ ಆಟದಲ್ಲಿ ಅವಳಿಗೆ ಅದನ್ನು ಕಾಣುವಷ್ಟು ಸಮಯವಿತ್ತು. ಅಂದೇ ಸಂಜೆ ಗೆರೆಗಳ ಫೋಟೊ ಜೊತೆ ಅವಳ ಉತ್ತರವನ್ನೂ ಗುಂಪಿಗೆ ಹಾಕಿದೆ, ಹೆಸರಿಲ್ಲದೆ.